ಡಿಜೆ ಬಡಿತ ಯಾರದ್ದು?

ಹೋದ ವರ್ಷ ಗಣಪತಿ ಬಿಡುವ ದಿನ ನಮ್ಮೂರಿಗೆ ಮೊದಲ ಸಲ ಡಿಜೆ ಬಂತು. ಎಷ್ಟೋ ವರ್ಷದಿಂದ ಮೆರವಣಿಗೆ ಮುಂದೆ ತಮಟೆ ಬಡಿಯುತ್ತಿದ್ದ ಮಾವ ಅವತ್ತು ಅರಳಿಕಟ್ಟೆ ಮೇಲೆ ಸುಮ್ಮನೆ ಕೂತಿದ್ದರು. ನಮಗೆ ಹೊಟ್ಟೆ ಉರಿಯಿತು. ಬಿಳಿಯರ ಗದ್ದಲ ನಮ್ಮ ತಮಟೆಯನ್ನು ನುಂಗಿತು ಅಂತ ಅದೇ ರಾತ್ರಿ ಇಲ್ಲಿ ಬರೆದೆವು. ನಿಮ್ಮಲ್ಲಿ ಬಹಳ ಜನ ಅದನ್ನು ವಾಟ್ಸಾಪಿನಲ್ಲಿ ಹಂಚಿದಿರಿ.

ಮಾವನ ದುಡಿಮೆ ಹೋಯಿತು ಎಂದಿದ್ದು ನಿಜ. ಬಿಳಿಯರದ್ದು ಎಂದಿದ್ದು ತಪ್ಪು. ಆಮೇಲೆ ಓದಿ ತಿಳಿದುಕೊಂಡೆವು.

ಆ ಧುಮ್ ಧುಮ್ ಬಡಿತ ಬೆಳೆದದ್ದು ಅಮೆರಿಕದ ಷಿಕಾಗೋದಲ್ಲಿ. 1977ರಲ್ಲಿ ಅಲ್ಲಿನ ವೇರ್‌ಹೌಸ್ ಎಂಬ ಕ್ಲಬ್ಬಿಗೆ ಫ್ರ್ಯಾಂಕಿ ನಕಲ್ಸ್ ಎಂಬ ಕಪ್ಪು ಡಿಜೆ ಬಂದರು. ಕುಣಿಯಲು ಬರುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪು ಜನ, ಲ್ಯಾಟಿನೋಗಳು, ಸಲಿಂಗಿಗಳು. ಕ್ಲಬ್ಬಿನ ಹೆಸರಿನ ಬಾಲವೇ ‘ಹೌಸ್’ ಸಂಗೀತಕ್ಕೆ ಹೆಸರಾಯಿತು.

1979ರ ಜುಲೈ 12ರಂದು ಅದೇ ನಗರದ ಬೇಸ್‌ಬಾಲ್ ಮೈದಾನದಲ್ಲಿ ಒಬ್ಬ ರೇಡಿಯೊ ನಿರೂಪಕ, ಜನರಿಂದ ತರಿಸಿದ ಡಿಸ್ಕೊ ರೆಕಾರ್ಡುಗಳನ್ನು ಪೆಟ್ಟಿಗೆಗೆ ತುಂಬಿ ಸಿಡಿಸಿದ. ಸಾವಿರಾರು ಜನ ಮೈದಾನಕ್ಕೆ ನುಗ್ಗಿದರು. ಅಲ್ಲಿ ಸೀಟು ತೋರಿಸುವ ಕೆಲಸಕ್ಕಿದ್ದ ವಿನ್ಸ್ ಲಾರೆನ್ಸ್ ಎಂಬ ಕಪ್ಪು ಹುಡುಗ ಒಂದು ಗಮನಿಸಿದ. ಜನ ತಂದಿದ್ದರಲ್ಲಿ ಡಿಸ್ಕೊ ಅಲ್ಲದ ರೆಕಾರ್ಡುಗಳೂ ಇದ್ದವು. ಹಾಡಿದವರು ಕಪ್ಪು ಜನ, ಅಷ್ಟೇ. ಆ ಹುಡುಗ ಕೂಲಿ ಕೂಡಿಡುತ್ತಿದ್ದದ್ದು ಸಿಂಥಸೈಜರ್ ಕೊಳ್ಳಲು. 1984ರಲ್ಲಿ ಜೆಸ್ಸಿ ಸಾಂಡರ್ಸ್ ಜೊತೆ ಸೇರಿ ‘ಆನ್ ಅಂಡ್ ಆನ್’ ಮಾಡಿದ. ಮೊದಮೊದಲ ಹೌಸ್ ರೆಕಾರ್ಡುಗಳಲ್ಲಿ ಅದೂ ಒಂದು.

ಜಪಾನಿನ ರೋಲ್ಯಾಂಡ್ ಕಂಪನಿಯ 808 ಡ್ರಮ್ ಮೆಷೀನು ಸರಿಯಾಗಿ ಮಾರಾಟವಾಗದೆ ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಗುತ್ತಿತ್ತು. ಬ್ಯಾಂಡ್ ಕಟ್ಟಲು ದುಡ್ಡಿಲ್ಲದ ಹುಡುಗರಿಗೆ ಅದೇ ವಾದ್ಯವಾಯಿತು. ಡೆಟ್ರಾಯಿಟ್ ಕಡೆ ಹ್ವಾನ್ ಅಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಮೂವರು ಶಾಲಾ ಗೆಳೆಯರು ‘ಟೆಕ್ನೊ’ ಕಟ್ಟಿದರು. ಜರ್ಮನಿಯ ಬಿಳಿಯರ ಕ್ರಾಫ್ಟ್‌ವರ್ಕ್ ಬ್ಯಾಂಡನ್ನು ಅವರು ಆಸೆಪಟ್ಟು ಕೇಳಿದ್ದರು, ಅದನ್ನು ಮುಚ್ಚಿಡುವುದಿಲ್ಲ.

ಆದರೆ ಬಿಡದೆ ಸುತ್ತುವ ತಾಳ, ಒಂದರ ಮೇಲೊಂದು ಹೆಣೆದ ಬಡಿತ, ನಮ್ಮ ಸೋಬಾನೆಯ ಹಾಗೆ ಒಬ್ಬರು ಅಂದರೆ ಗುಂಪು ಮರುನುಡಿಯುವ ರೀತಿ, ಇವೆಲ್ಲ ಗುಲಾಮರನ್ನಾಗಿ ಹಡಗಿನಲ್ಲಿ ಸಾಗಿಸಿದ ಆಫ್ರಿಕದ ಜನರ ಜೊತೆ ಬಂದವು. 1740ರಲ್ಲಿ ದಕ್ಷಿಣ ಕ್ಯಾರೊಲಿನಾದಲ್ಲಿ ಗುಲಾಮರು ಡ್ರಮ್ ಬಡಿಯಬಾರದೆಂದು ಕಾನೂನೇ ಆಯಿತು. ಚಪ್ಪಾಳೆ ತಟ್ಟಿ, ಕಾಲಲ್ಲಿ ನೆಲ ಬಡಿದು ತಾಳ ಉಳಿಸಿಕೊಂಡರು. ಅದು ಚರ್ಚಿನ ಹಾಡು, ಬ್ಲೂಸ್, ಫಂಕ್ ದಾಟಿ ಮೆಷೀನಿಗೆ ಬಂತು.

ಮೊನ್ನೆ ಇದನ್ನೆಲ್ಲ ಮಾವನಿಗೆ ಹೇಳಿ, ಫೋನಿನಲ್ಲಿ ‘ಆನ್ ಅಂಡ್ ಆನ್’ ಹಾಕಿದೆವು. ಮಂಡಿ ಮೇಲೆ ಬೆರಳಾಡಿಸುತ್ತಾ ಕೇಳಿದರು. “ಹಂಗಾದ್ರೆ ಅವ್ರೂ ನಮ್ಮಂಗೆ ಬಡಿಯೋ ಜನಾನೇ ಅನ್ರಪ್ಪ” ಅಂದರು.

ಸ್ವಲ್ಪ ಹೊತ್ತು ಬಿಟ್ಟು, “ಈ ಸಲಾನೂ ಡಿಜೆನೇ ಕರೆಸ್ತಾರಂತಾ?” ಅಂದರು.

ಹೂಂ ಮಾವ, ಅಂದೆವು.