ಈಗ ಯಾವ ಮಳೆ?

ಹುಣಸೂರು, ಪಿರಿಯಾಪಟ್ಟಣದ ಕಡೆ ಬೇಯಿಸಿದ ಹೊಗೆಸೊಪ್ಪನ್ನು ಬ್ಯಾರನ್ನಿನಿಂದ ಇಳಿಸಿದ ಮೇಲೆ ಗ್ರೇಡ್ ಮಾಡುವ ಕೆಲಸ ಶುರುವಾಗುತ್ತದೆ. ಎಲೆಯ ಬಣ್ಣ, ಮೈ, ಕಲೆ ನೋಡಿ ವಯಸ್ಸಾದ ಹೆಂಗಸರು ಮಾತಾಡುತ್ತಲೇ ಬೇರೆ ಬೇರೆ ಗುಡ್ಡೆ ಹಾಕುತ್ತಾರೆ. ಅವರಲ್ಲಿ ಅನೇಕರು ಸ್ಲೇಟು ಮುಟ್ಟಿದವರಲ್ಲ. ನೆನಪಿನ ಪರೀಕ್ಷೆಗೆಂದು ಅಂಥವರನ್ನು ಕೂರಿಸಿ ನೂರರಲ್ಲಿ ಏಳು ಕಳೆಯಿರಿ, ಉಳಿದದ್ದರಲ್ಲಿ ಮತ್ತೆ ಏಳು ಕಳೆಯಿರಿ, ಗಡಿಯಾರದ ಚಿತ್ರ ಬರೆಯಿರಿ ಎಂದರೆ ತಡವರಿಸುತ್ತಾರೆ. ಅಷ್ಟಕ್ಕೇ ಅದನ್ನು ಮರೆವಿನ ಕಾಯಿಲೆ ಎನ್ನಲಾದೀತೆ?

ಅಮೆರಿಕದಲ್ಲಿ 1975ರಲ್ಲಿ ಬಂದ ಎಂಎಂಎಸ್‌ಇ ಎಂಬ 30 ಅಂಕದ ಇಂಥ ಪರೀಕ್ಷೆ ಓದುಬರಹ ಬಲ್ಲವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಮೇರಿ ಗಂಗೂಲಿಯವರ ತಂಡ ಅದನ್ನು ತಿದ್ದಿ 1995ರಲ್ಲಿ ಪ್ರಕಟಿಸಿತು. ವಾಕ್ಯ ಬರೆಯಿರಿ ಎನ್ನುವ ಜಾಗದಲ್ಲಿ ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ ಎಂದು ಕೇಳಿದರು. ಕಣ್ಣು ಮುಚ್ಚಿ ಎಂದು ಬರೆದದ್ದನ್ನು ಓದಿ ಹಾಗೆ ಮಾಡುವ ಬದಲು, ನಾನು ಮಾಡಿದ ಹಾಗೆ ಮಾಡಿ ಎಂದರು. ಎಂಥ ಮರ್ಯಾದೆಯ ತಿದ್ದುಪಡಿ!

ನಮ್ಮಲ್ಲಾದರೆ ತಾರೀಖಿನ ಬದಲು ಈಗ ಯಾವ ಮಳೆ ನಡೀತಿದೆ ಎಂದು ಕೇಳಬಹುದು. ಕೆ.ಆರ್. ನಗರದ ಗದ್ದೆ ಬಯಲಿನ ಅಜ್ಜ ಮೃಗಶಿರವೋ ಆರಿದ್ರವೋ ಥಟ್ಟನೆ ಹೇಳಿಯಾರು. ಆದರೆ ಆ ಪ್ರಶ್ನೆಗೂ ಅಂಕ ಇಡುವ ಮೊದಲು ಆರೋಗ್ಯವಾಗಿರುವ ನೂರಾರು ಹಿರಿಯರನ್ನು ಕೇಳಿ ನೋಡಬೇಕು. ಎಚ್.ಡಿ. ಕೋಟೆಯ ಹಾಡಿಗಳಲ್ಲಿ ಜೇನುಕುರುಬರ ಮನೆಮಾತೇ ಬೇರೆ; ಅಲ್ಲಿ ನಮ್ಮ ಕನ್ನಡದ ಪ್ರಶ್ನೆಯೂ ಹೊರಗಿನದೇ.

ಮನೆ ಮನೆಗೆ ಬರುವ ಆಶಾ ಕಾರ್ಯಕರ್ತೆಯ ಬಳಿಯಿರುವ ಸಿಬ್ಯಾಕ್ ಎಂಬ ಆರೋಗ್ಯ ಪ್ರಶ್ನಾವಳಿಯಲ್ಲಿ 60 ದಾಟಿದವರಿಗೆಂದೇ ಒಂದು ಪ್ರಶ್ನೆಯಿದೆ: ಹತ್ತಿರದವರ ಹೆಸರು, ಸ್ವಂತ ಮನೆಯ ವಿಳಾಸ ಮರೆಯುತ್ತೀರಾ? ಇರುವುದು ಒಳ್ಳೆಯದೇ. ಆದರೆ ಮಗನ ಹೆಸರು ಮರೆಯುವ ಹೊತ್ತಿಗೆ ಕಾಯಿಲೆ ಬಹಳ ದೂರ ಬಂದಿರುತ್ತದೆ. ಮೊದಮೊದಲ ಸಣ್ಣ ಕುಸಿತವನ್ನು ಹಿಡಿಯುವವರು ಜೊತೆಗಿರುವವರು.

“ನಮ್ಮತ್ತೆ ಮೊದ್ಲು ಹಿಂಗಿರ್ಲಿಲ್ಲ ಕಣಕ್ಕ. ಈ ಸಲ ಸೊಪ್ಪೆಲ್ಲ ಬೆರಕೆ ಮಾಡವ್ರೆ. ಎಸರಿಟ್ಟು ಹಿಟ್ಟು ಹಾಕೋದ್ನೇ ಮರೀತಾರೆ” ಎಂದು ಸೊಸೆಯೊಬ್ಬಳು ಆಶಾಗೆ ಹೇಳಿದರೆ, ನನಗೆ ಅದು ಹತ್ತು ಅಂಕಕ್ಕಿಂತ ಹೆಚ್ಚು. 10/66 ಎಂಬ ಅಂತರರಾಷ್ಟ್ರೀಯ ಸಂಶೋಧನಾ ತಂಡದ ಪರೀಕ್ಷೆಯಲ್ಲಿ ಮನೆಯವರನ್ನು ಪ್ರತ್ಯೇಕ ಕೂರಿಸಿ ಕೇಳುವುದೂ ಸೇರಿದೆ. ಹಳೆಯ ದಾಖಲೆ ಇರುವವರೂ ಇದ್ದಾರೆ: ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ 1966ರವರೆಗೆ ಹುಟ್ಟಿದವರ ತೂಕ, ಉದ್ದ ಬರೆದಿಟ್ಟ ದಾಖಲೆಗಳಿವೆ. ಆ ಮಕ್ಕಳಲ್ಲಿ ಕೆಲವರನ್ನು ಸಂಶೋಧಕರು ಇಳಿವಯಸ್ಸಿನಲ್ಲಿ ಹುಡುಕಿ ನೆನಪಿನ ಶಕ್ತಿ ಪರೀಕ್ಷಿಸಿದ್ದಾರೆ. ಹಳ್ಳಿಯ ಅತ್ತೆಗೆ ಅಂಥ ದಾಖಲೆಯಿಲ್ಲ. ಅವಳು ಹೋದ ವರ್ಷ ಹೇಗಿದ್ದಳು ಎನ್ನುವುದು ಸೊಸೆಗೆ ಮಾತ್ರ ಗೊತ್ತು.

ಸೊಸೆ ಹೇಳಿದ್ದನ್ನು ವಯಸ್ಸಿನ ಅರಳುಮರಳು ಎಂದು ತಳ್ಳಿಹಾಕದೆ ಅತ್ತೆಯನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಬೇಕು. ಥೈರಾಯ್ಡ್, ಬಿ12 ಕೊರತೆ, ಖಿನ್ನತೆ ಇವೂ ಮರೆವು ತರುತ್ತವೆ, ಇವಕ್ಕೆ ಮದ್ದಿದೆ. ಅದಕ್ಕೂ ಮೊದಲು ಕಿವಿ ನೋಡಿಸಿ. ಎಷ್ಟೋ ಅಜ್ಜಿಯರು ಉತ್ತರ ಹೇಳದಿರುವುದು ಪ್ರಶ್ನೆ ಕೇಳಿಸದೆ.