ಹಗಲುನಿದ್ರೆ

ಮೂವತ್ತೈದು ವರ್ಷಗಳ ಕಾಲ ಬಾಲಕರಿಗೆ ಸಂಸ್ಕೃತವನ್ನು ಹೇಳಿಕೊಟ್ಟು ನಿವೃತ್ತರಾದ ನಮಗೆ, ಶಾಸ್ತ್ರವಚನಗಳನ್ನು ಮನೆಯವರ ಮೇಲೆ ಪ್ರಯೋಗಿಸುವುದು ಒಂದು ಚಟವೇ ಆಗಿದ್ದಿತು. ಆ ಚಟದಿಂದ ಒದಗಿದ ಒಂದು ಅನರ್ಥವನ್ನು ವಾಚಕರಲ್ಲಿ ನಿವೇದಿಸಿಕೊಳ್ಳಬೇಕಾಗಿದೆ. ರಾತ್ರಿಯ ಪಾಳಿಯಲ್ಲಿ ದುಡಿಯುವವರು ಈಗ ಎಷ್ಟೋ ಮನೆಗಳಲ್ಲಿರುವರಷ್ಟೆ.

ನಮ್ಮ ಮಗನು ಮೈಸೂರಿನ ಹೊರವಲಯದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿಯ ಯಂತ್ರಗಳಿಗೆ ಹಗಲಿರುಳೆಂಬುದಿಲ್ಲ. ಬೆಳಗ್ಗೆ 6ರಿಂದ 2ರವರೆಗೆ, 2ರಿಂದ ರಾತ್ರಿ 10ರವರೆಗೆ, 10ರಿಂದ ಮರುದಿನ 6ರವರೆಗೆ ಹೀಗೆ ಮೂರು ಪಾಳಿಗಳು, ವಾರಕ್ಕೊಮ್ಮೆ ಬದಲಾಗುವುವು. ರಾತ್ರಿಯ ಪಾಳಿಯ ವಾರದಲ್ಲಿ ಅವನು ಮನೆ ಸೇರುವ ಹೊತ್ತಿಗೆ ನಡುಮನೆಯಲ್ಲಿ ನಾಲ್ಕಾರು ಹುಡುಗರು ನಮ್ಮೆದುರು ಕುಳಿತು ಅಮರಕೋಶವನ್ನು ಗಟ್ಟಿಯಾಗಿ ಒಪ್ಪಿಸುತ್ತಿರುವರು. ಅಡಿಗೆಯ ಮನೆಯಲ್ಲಿ ಮಿಕ್ಸಿಯ ಆರ್ಭಟ, ಬೀದಿಯಲ್ಲಿ ಸೊಪ್ಪಿನವಳ ಕೂಗು. ಇವುಗಳ ನಡುವೆ ಅವನು ತಲೆಗೆ ಹೊದಿಕೆಯೆಳೆದು ಮಲಗಿದರೆ, ಹತ್ತು ಗಂಟೆಗೆ ನಾವೇ ಹೋಗಿ ಎಬ್ಬಿಸುತ್ತಿದ್ದೆವು. ದಿವಾಸ್ವಪ್ನವು ಕಫಪಿತ್ತಗಳನ್ನು ಕೆರಳಿಸುವುದೆಂದೂ ಹೊತ್ತೇರಿದ ಮೇಲೆ ಮಲಗುವುದು ಗೃಹಸ್ಥಲಕ್ಷಣವಲ್ಲವೆಂದೂ ಉಪದೇಶ ಬೇರೆ. ಹಗಲಿನಲ್ಲಿ ಮನೆಯಲ್ಲಿರುವ ಗಂಡಸೆಂದು ಬ್ಯಾಂಕಿನ ಕೆಲಸ, ನೆಂಟರ ಮನೆಯ ಮದುವೆ, ಎಲ್ಲವೂ ಅವನ ತಲೆಗೇ. ಒಮ್ಮೆ ಬೀಗರೆದುರಿಗೇ ಅವನನ್ನು ಕುಂಭಕರ್ಣನೆಂದು ಹಾಸ್ಯಮಾಡಿದೆವು. ಅವನು ಮರುಮಾತಾಡದೆ ಎದ್ದು ಹೋಗಿ ಮುಖ ತೊಳೆದುಕೊಂಡನು.

ಕಳೆದ ವರ್ಷದ ಮಾಘಮಾಸದಲ್ಲಿ ಒಂದು ಮುಂಜಾನೆ, ಸ್ಕೂಟರಿನಲ್ಲಿ ಮನೆಗೆ ಬರುತ್ತಿದ್ದವನಿಗೆ ಕಣ್ಣು ಮುಚ್ಚಿಹೋಯಿತು. ವಾಹನವು ದಾರಿ ಬಿಟ್ಟು, ಯಾರೋ ಮನೆ ಕಟ್ಟಿಸಲೆಂದು ಹಾಕಿಸಿದ್ದ ಮರಳಿನ ರಾಶಿಗೆ ನುಗ್ಗಿತು. ಹತ್ತು ಮಾರಿನಾಚೆ ಜಲ್ಲಿಯ ರಾಶಿಯಿದ್ದಿತಂತೆ! ಮುಂಗೈಯ ಎಲುಬು ಬಿರುಕುಬಿಟ್ಟದ್ದರಲ್ಲಿಯೇ ಮುಗಿಯಿತು. ಕೈಗೆ ಕಟ್ಟುಹಾಕಿಸಿಕೊಂಡು ಬಂದು ಅವನು ಹೇಳಿದುದಿಷ್ಟು: "ಬಿದ್ದದ್ದೇ ಗೊತ್ತಾಗಲಿಲ್ಲ ಅಪ್ಪಾ. ಎಚ್ಚರವಾದಾಗ ಮರಳು ಮೆತ್ತಗಿತ್ತು. ಇಲ್ಲೇ ಇನ್ನೊಂದು ಗಳಿಗೆ ಮಲಗಿಬಿಡೋಣ ಅನ್ನಿಸಿತು."

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಎದ್ದು ಅಷ್ಟಾಂಗಹೃದಯವನ್ನು ತೆರೆದೆವು. ಹಗಲುನಿದ್ರೆಯ ನಿಷೇಧವು ಅಲ್ಲಿ ಇದ್ದೇ ಇದೆ. ಆದರೆ ಅದೇ ಅಧ್ಯಾಯದಲ್ಲಿ, ರಾತ್ರಿ ಎಚ್ಚರವಾಗಿರಬೇಕಾಗಿ ಬಂದವನು ಎಚ್ಚರವಿದ್ದ ಕಾಲದ ಅರ್ಧದಷ್ಟನ್ನು ಮರುದಿನ ಬೆಳಗ್ಗೆ, ಊಟಕ್ಕೆ ಮೊದಲು, ಮಲಗಿ ತೀರಿಸಿಕೊಳ್ಳಬೇಕೆಂದು ವಾಗ್ಭಟನು ವಿಧಿಸಿದ್ದಾನೆ. ಚರಕಸಂಹಿತೆಯಲ್ಲಿಯೂ ಜಾಗರಣದಿಂದ ಬಳಲಿದವರಿಗೆ ಹಗಲುನಿದ್ರೆ ಸಲ್ಲುವುದೆಂದಿದೆ. ಉತ್ಸರ್ಗಕ್ಕಿಂತ ಅಪವಾದವು ಬಲವತ್ತರವೆಂದು ವ್ಯಾಕರಣಪಾಠದಲ್ಲಿ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡ ನಾವು, ಹೆತ್ತ ಮಗನ ವಿಷಯದಲ್ಲಿ ಉತ್ಸರ್ಗವನ್ನು ಮಾತ್ರ ನೆನಪಿಟ್ಟುಕೊಂಡಿದ್ದೆವು.

ಮರುದಿನ ನಮ್ಮ ಹಳೆಯ ಶಿಷ್ಯನೊಬ್ಬನ ಬಳಿಗೆ ಹೋದೆವು, ಅವನೀಗ ವೈದ್ಯ. ಅವನು ನಮ್ಮನ್ನು ಕೂರಿಸಿಕೊಂಡು ಪಾಠವನ್ನೇ ಮಾಡಿದನು. ಮಿದುಳಿನಲ್ಲಿ, ಎರಡು ಕಣ್ಣುಗಳ ನರಗಳು ಅಡ್ಡಹಾಯುವ ಎಡೆಯ ಮೇಲ್ಗಡೆ ಒಂದು ಗಡಿಯಾರವುಂಟು. ಅದಕ್ಕೆ ಕೀಲಿ ಕೊಡುವುದು ಬೆಳಕು. ಜೀವಕೋಶದೊಳಗೆ ಇಂಥ ಗಡಿಯಾರವು ನಡೆಯುವ ಬಗೆಯನ್ನು ಕಂಡುಹಿಡಿದುದಕ್ಕಾಗಿ ಹಾಲ್, ರಾಸ್ಬಾಶ್, ಯಂಗ್ ಎಂಬ ಮೂವರು ಅಮೆರಿಕದ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಪಾಳಿ ಬದಲಾಯಿತೆಂದು ಈ ಗಡಿಯಾರವು ಒಂದೆರಡು ದಿನದಲ್ಲಿ ಬದಲಾಗದು. ದುಡಿದವನು ಮಲಗುವ ಹೊತ್ತಿಗೆ ಅದು ದೇಹವನ್ನು ಏಳು ಏಳೆಂದು ತಿವಿಯುತ್ತಿರುವುದು. ಆದುದರಿಂದ ಹಗಲಿನ ನಿದ್ರೆಯು ಮೊದಲೇ ಮೋಟು, ತೆಳುವು. "ಅಷ್ಟನ್ನೂ ನೀವು ಹತ್ತು ಗಂಟೆಗೆ ಎಬ್ಬಿಸಿ ಕಿತ್ತುಕೊಂಡರೆ ಹೇಗೆ, ಮೇಷ್ಟ್ರೇ?" ಎಂದನು. ರಾತ್ರಿಪಾಳಿಯ ಕೆಲಸವು ಬಹುಶಃ ಕ್ಯಾನ್ಸರಿಗೂ ಕಾರಣವಾಗಬಲ್ಲುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದಸಂಶೋಧನ ವಿಭಾಗವು 2007ರಲ್ಲಿಯೂ ಮರಳಿ 2019ರಲ್ಲಿಯೂ ನಿರ್ಣಯಿಸಿರುವುದನ್ನು ತಿಳಿಸಿದನು. ಇದನ್ನು ನಮ್ಮ ಮನೆಯವರಿಗೆ ಹೇಳಿರಲಿಲ್ಲ. ಪತ್ರಿಕೆ ಬಂದಾಗ ಓದಿಯೇ ಓದುವರು; ಇರಲಿ.

ಅಂದಿನಿಂದ ಮನೆಯ ವ್ಯವಸ್ಥೆ ಬದಲಾಯಿತು. ಹಿಂದಿನ ಕೋಣೆಯ ಕಿಟಕಿಗೆ ಬೆಳಕು ತೂರದಂತೆ ದಪ್ಪನೆಯ ಕಪ್ಪು ಬಟ್ಟೆ ಹಾಕಿಸಿದೆವು. ಅಮರಕೋಶದ ಪಾಠವು ಬೀದಿಯ ಕೊನೆಯ ದೇವಸ್ಥಾನದ ಜಗಲಿಗೆ ಹೋಯಿತು. ರುಬ್ಬುವ ಕೆಲಸವೆಲ್ಲ ಹಿಂದಿನ ಸಂಜೆಯೇ. ಕಾಫಿಯ ವಿಷಯದಲ್ಲಿ ಮಗನು ಹಟಹಿಡಿದನು. ಕುಡಿದ ಐದಾರು ಗಂಟೆಗಳ ಮೇಲೂ ಅದರ ಸತ್ತ್ವವು ಅರ್ಧದಷ್ಟು ಮೈಯಲ್ಲಿ ಉಳಿದಿರುವುದೆಂದು ವೈದ್ಯನೇ ತಿಳಿಯಹೇಳಿದ ಮೇಲೆ, ಬೆಳಗಿನ ಜಾವ ನಾಲ್ಕರ ಲೋಟವನ್ನು ಬಿಟ್ಟು ನಡುರಾತ್ರಿಯ ಲೋಟವನ್ನು ಉಳಿಸಿಕೊಂಡನು. ಸ್ಕೂಟರನ್ನು ಬಿಟ್ಟು ಬಸ್ಸಿನಲ್ಲಿ ಬರುತ್ತಾನೆ; ಬೆಳಗಿನ ಬಿಸಿಲು ಗಡಿಯಾರವನ್ನು ಎಚ್ಚರಿಸದಿರಲೆಂದು ಬಸ್ಸಿನಲ್ಲಿ ಕಪ್ಪು ಕನ್ನಡಕ. ಕೆಲಸಕ್ಕೆ ಹೊರಡುವ ಮುನ್ನ ಸಂಜೆ ಒಂದು ಗಂಟೆ ಅಡ್ಡಾಗುವನು. ವಾಗ್ಭಟನ "ಊಟಕ್ಕೆ ಮೊದಲು" ಎಂಬ ಮಾತಿಗೆ ಮಾತ್ರ ನಮ್ಮ ಮನೆಯವರು ಸೊಪ್ಪುಹಾಕಲಿಲ್ಲ. "ರಾತ್ರಿಯೆಲ್ಲ ದುಡಿದು ಬಂದ ಮಗುವನ್ನು ಬರಿಯ ಹೊಟ್ಟೆಯಲ್ಲಿ ಮಲಗಿಸಿ ಅಂತ ಬರೆದವರಿಗೆ ತಾಯಿ ಇರಲಿಲ್ಲವೇ?" ಎಂದು ಕೇಳಿದರು. ಈಗ ಒಂದು ಬಟ್ಟಲು ರವೆಗಂಜಿಗೆ ರಾಜಿಯಾಗಿದೆ.

ಇಷ್ಟಾದರೂ ಎಲ್ಲವೂ ಸರಿಹೋಯಿತೆನ್ನಲಾರೆವು. ಪಾಳಿಯು ಬೆಳಗು, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲಿ ಮುಂದೆ ಸರಿದರೆ ಶರೀರವು ಹೊಂದಿಕೊಳ್ಳುವುದು ಸುಲಭವಂತೆ. ಇವರ ಕಾರ್ಖಾನೆಯಲ್ಲಿ ಅದು ಹಿಂದುಹಿಂದಕ್ಕೆ ಸರಿಯುತ್ತದೆ. ಬದಲಿಸಬೇಕೆಂದು ಕೆಲಸಗಾರರು ಬರೆದುಕೊಟ್ಟ ಅರ್ಜಿಗೆ ಇನ್ನೂ ಉತ್ತರವಿಲ್ಲ. ರಾತ್ರಿಪಾಳಿಯ ವಾರ ಕಳೆದ ಮೇಲೂ ಎರಡು ದಿನ ಅವನ ಕಣ್ಣು ಕೆಂಪಗೆಯೇ ಇರುವುದು. ಮೊದಲು ಎರಡು ಮೂರು ಗಂಟೆಯೂ ದೊರೆಯದಿದ್ದ ನಿದ್ರೆಯು ಈಗ ಐದು ಗಂಟೆಯವರೆಗೆ ಬಂದಿದೆ.

ಇದನ್ನು ಬರೆಯುತ್ತಿರುವಾಗ ಬೆಳಗಿನ ಹತ್ತು ಗಂಟೆ. ನಾವು ಜಗಲಿಯ ಮೇಲೆ ಕಾವಲು ಕುಳಿತಿದ್ದೇವೆ. ಸೊಪ್ಪಿನವಳು ಬೀದಿಯ ತಿರುವಿನವರೆಗೆ ಕೂಗುತ್ತ ಬಂದು, ನಮ್ಮನ್ನು ಕಂಡು ದನಿಯಡಗಿಸಿದಳು. ಗೇಟಿನ ಬಳಿ ಬುಟ್ಟಿಯಿಳಿಸಿ, "ಮಲಗವ್ರಾ ಸ್ವಾಮಿ?" ಎಂದು ಪಿಸುಗುಟ್ಟಿದಳು. ತಲೆಯಲ್ಲಾಡಿಸಿ, ಎರಡು ಕಟ್ಟು ದಂಟನ್ನು ಕೈಸನ್ನೆಯಲ್ಲಿಯೇ ಕೊಂಡೆವು.