ಅಂಕಸಮುದ್ರದ ಹಕ್ಕಿ, ಬಾರ್ಸಿಲೋನಾದ ಸೈಕಲ್ಲು

ಹೊಸಪೇಟೆ–ಕೊಟ್ಟೂರು ರೈಲುಮಾರ್ಗದ ಮೇಲಿರುವ ಹಗರಿಬೊಮ್ಮನಹಳ್ಳಿ ಪ್ರವಾಸಿಗರ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹಂಪಿಗೆ ಬಂದವರು ಇಲ್ಲಿಯವರೆಗೆ ಬರುವುದಿಲ್ಲ. ಕೊಟ್ಟೂರೇಶ್ವರನ ತೇರಿಗೆ ಹೊರಟವರು ಇಲ್ಲಿ ಚಹಾ ಕುಡಿದು ಮುಂದೆ ಸಾಗುತ್ತಾರೆ. ಮೊದಲು ಬಳ್ಳಾರಿ ಜಿಲ್ಲೆಗೆ ಸೇರಿದ್ದ ತಾಲ್ಲೂಕು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಊರಿಗೆ ಹೆಸರು ಕೊಟ್ಟದ್ದು ಹಗರಿ ಹಳ್ಳ. ಅದಕ್ಕೆ ಮಾಲವಿಯ ಬಳಿ ಅಣೆಕಟ್ಟು ಇದೆ. ತಾಲ್ಲೂಕಿನ ಅಂಚಿಗೆ ತುಂಗಭದ್ರೆಯ ಹಿನ್ನೀರು ಬಂದು ನಿಲ್ಲುತ್ತದೆ. ಉಳಿದಂತೆ ಬಯಲು, ಜೋಳ, ಮೆಕ್ಕೆಜೋಳ, ಶೇಂಗಾ, ಮತ್ತು ಗಾಳಿ.

ಈ ಗಾಳಿಯ ವಿಷಯವನ್ನು ಆ ಕಡೆಯ ಶಾಲಾ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಷಾಢದಲ್ಲಿ ಪಶ್ಚಿಮದಿಂದ ಬೀಸುವ ಗಾಳಿ ಮಳೆಯನ್ನು ಮಲೆನಾಡಿನಲ್ಲೇ ಇಳಿಸಿ, ಬರಿಗೈಯಲ್ಲಿ ಬಯಲಿಗೆ ಬರುತ್ತದೆ. ಆದರೆ ಜೋರಿಗೇನೂ ಕಡಿಮೆಯಿಲ್ಲ. ಪಡುವಣಕ್ಕೆ ಶಾಲೆಯಿದ್ದ ಹುಡುಗ ಬೆಳಿಗ್ಗೆ ಸೀಟಿನಿಂದ ಎದ್ದು ನಿಂತು ಪೆಡಲ್ ತುಳಿಯುತ್ತಾನೆ, ಸಂಜೆ ಕಾಲು ಚಾಚಿಕೊಂಡು ಮನೆಗೆ ತೇಲಿ ಬರುತ್ತಾನೆ. ಲೆಕ್ಕ ಸುಲಭ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋಗುವವನಿಗೆ 20 ಕಿ.ಮೀ. ವೇಗದ ಎದುರುಗಾಳಿ ಸಿಕ್ಕರೆ ಅವನ ಮೈಗೆ ಬಡಿಯುವ ಗಾಳಿಯ ವೇಗ 35 ಕಿ.ಮೀ. 35ನ್ನು 15ರಿಂದ ಭಾಗಿಸಿ ವರ್ಗ ಮಾಡಿದರೆ ತಡೆ ಐದು ಪಟ್ಟಿಗೂ ಹೆಚ್ಚು. ಇಬ್ಬರು ಗೆಳೆಯರಿದ್ದರೆ ಒಬ್ಬ ಇನ್ನೊಬ್ಬನ ಬೆನ್ನಿಗೆ ಅಂಟಿಕೊಂಡು ಬರುವುದೂ, 'ಇನ್ನು ನಿನ್ನ ಪಾಳಿ' ಎಂದು ಜಗಳವಾಡುವುದೂ ಈ ಲೆಕ್ಕದಿಂದಲೇ.

ಇದೇ ಜಗಳವನ್ನು ನಿಯಮಬದ್ಧ ಪಂದ್ಯವನ್ನಾಗಿ ಮಾಡಿದರೆ ಅದಕ್ಕೆ ಟೀಮ್ ಟೈಮ್ ಟ್ರಯಲ್ ಎಂದು ಹೆಸರು. ವೃತ್ತಿಪರ ಸೈಕಲ್ ಓಟಗಳಲ್ಲಿ ಇಡೀ ತಂಡ ಒಟ್ಟಿಗೆ ಹೊರಟು ಗಡಿಯಾರದ ವಿರುದ್ಧ ಓಡುವ ಹಂತ ಇದು. ಎದುರಾಳಿಗಳು ಕಣ್ಣಿಗೆ ಕಾಣುವುದಿಲ್ಲ. ಅವರು ಕೆಲವು ನಿಮಿಷ ಮೊದಲೋ ಆಮೇಲೋ ಹೊರಟಿರುತ್ತಾರೆ. ಕಾಣುವುದು ಮುಂದಿನವನ ಹಿಂದಿನ ಚಕ್ರ ಮಾತ್ರ, ಅದೂ ಒಂದು ಗೇಣು ದೂರದಲ್ಲಿ.

2023ರ ಆಗಸ್ಟ್ 26ರ ಸಂಜೆ ಸ್ಪೇನಿನ ಬಾರ್ಸಿಲೋನಾ ನಗರದಲ್ಲಿ 'ವುಯೆಲ್ತಾ' ಓಟದ ಮೊದಲ ಹಂತ ಹೀಗೆ ನಡೆಯಿತು. ಎಂಟೆಂಟು ಜನರ 22 ತಂಡಗಳು. ಕಡಲ ದಂಡೆಯ ಬಳಿಯಿಂದ ನಗರದ ಅಗಲ ಬೀದಿಗಳನ್ನು ಹಾದು ಮೊಂಟ್‌ಜುಯಿಕ್ ಗುಡ್ಡದ ಬುಡದವರೆಗೆ 14.8 ಕಿ.ಮೀ. ಜನ ತುಂಬಿದ ನಗರದ ನಡುವೆ ಸಂಜೆಯ ಬೆಳಕಿನಲ್ಲಿ ಓಟ ಚೆಂದ ಕಾಣಲಿ ಎಂಬುದು ವ್ಯವಸ್ಥಾಪಕರ ಆಸೆ. ಆದರೆ ಮಳೆ ಬಂತು. ಮೋಡ ಕವಿದು ಹೊತ್ತಿಗೆ ಮುಂಚೆಯೇ ಕತ್ತಲಾಯಿತು. ನಗರದ ರಸ್ತೆಯೆಂದರೆ ತಿರುವು, ವೃತ್ತ, ಬಿಳಿ ಬಣ್ಣದ ಪಟ್ಟೆಗಳು. ನೆನೆದ ಬಣ್ಣದ ಮೇಲೆ ಸಣ್ಣ ಟಯರು ಸೋಪಿನ ಮೇಲೆ ಕಾಲಿಟ್ಟಂತೆ ಜಾರುತ್ತದೆ. ಬೆಳಕಿದ್ದಾಗಲೇ ಹೊರಟ ಡಿ.ಎಸ್.ಎಂ. ತಂಡ 17 ನಿಮಿಷ 30 ಸೆಕೆಂಡಿನಲ್ಲಿ ಗುರಿ ಮುಟ್ಟಿತು. ಎರಡನೆಯ ಸ್ಥಾನದ ಮೋವಿಸ್ಟಾರ್ ತಂಡಕ್ಕಿಂತ ಒಂದು ಸೆಕೆಂಡಿಗೂ ಕಡಿಮೆ ಅಂತರ. ಸರಾಸರಿ ವೇಗ ಗಂಟೆಗೆ 50 ಕಿ.ಮೀ.ಗಿಂತ ಹೆಚ್ಚು, ಮಕ್ಕಳು ಲೆಕ್ಕ ಹಾಕಿ ನೋಡಬಹುದು. ತಂಡದಲ್ಲಿ ಮೊದಲು ಗೆರೆ ದಾಟಿದ ಇಟಲಿಯ 21 ವರ್ಷದ ಲೊರೆಂಜೊ ಮಿಲೇಸಿಗೆ ಕೆಂಪು ಅಂಗಿ ಸಿಕ್ಕಿತು. ಬೆಲ್ಜಿಯಂನ ಲಾರೆನ್ಸ್ ಡಿ ಪ್ಲಸ್ ಬಿದ್ದು, ಮೂರು ವಾರದ ಓಟವನ್ನು ಮೊದಲ ದಿನವೇ ಬಿಡಬೇಕಾಯಿತು. ಹಿಂದಿನ ವರ್ಷದ ವಿಜೇತ ರೆಮ್ಕೊ ಎವೆನೆಪೂಲ್ ಕತ್ತಲಲ್ಲಿ ಓಡಿಸಿದ್ದಕ್ಕೆ ಸಿಟ್ಟಾದ. ಸಿಟ್ಟು ನ್ಯಾಯವಾದದ್ದೇ. ನೋಡುವವರ ಕಣ್ಣಿಗೆ ಹಬ್ಬವಾಗಲೆಂದು ಓಡುವವರ ಮೂಳೆಯನ್ನು ಪಣಕ್ಕಿಡುವುದು ಯಾವ ಆಟಕ್ಕೂ ಶೋಭೆಯಲ್ಲ.

ಆ ವೇಗದಲ್ಲಿ ಸವಾರನ ಶ್ರಮದ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ತಡೆ ವೇಗದ ವರ್ಗದಂತೆ ಏರಿದರೆ, ಅದನ್ನು ಗೆಲ್ಲಲು ಬೇಕಾದ ಸಾಮರ್ಥ್ಯ ವೇಗದ ಘನದಂತೆ ಏರುತ್ತದೆ. ವೇಗ ಎರಡು ಪಟ್ಟಾಗಬೇಕಾದರೆ ಕಾಲುಗಳು ಎಂಟು ಪಟ್ಟು ದುಡಿಯಬೇಕು! ಆದ್ದರಿಂದಲೇ ಸಾಲು. ಮುಂದಿನವನ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆ. ಅಲ್ಲಿ ತೂರಿಕೊಂಡವನಿಗೆ ಕಾಲು ಭಾಗದಿಂದ ಮೂರನೆಯ ಒಂದು ಭಾಗ, ಕೆಲವೊಮ್ಮೆ ಇನ್ನೂ ಹೆಚ್ಚು ಶ್ರಮ ಉಳಿಯುತ್ತದೆ. ಮುಂದಿರುವವನು ಅರ್ಧ ನಿಮಿಷದಷ್ಟು ಹೊತ್ತು ಎಳೆದು, ಪಕ್ಕಕ್ಕೆ ಸರಿದು, ಸಾಲಿನ ಬಾಲಕ್ಕೆ ಬಂದು ಸೇರುತ್ತಾನೆ. ಬಲಿಷ್ಠ ಹೆಚ್ಚು ಹೊತ್ತು ಎಳೆಯುತ್ತಾನೆ, ದಣಿದವನು ಕಡಿಮೆ ಹೊತ್ತು. ಬಾಲಕ್ಕೆ ಸೇರುವ ಆ ಒಂದು ಗಳಿಗೆಯೇ ಅಪಾಯದ್ದು: ಎರಡು ಮೀಟರ್ ಹಿಂದುಳಿದರೆ ಆಸರೆ ತಪ್ಪಿತು, ಮತ್ತೆ ಕೂಡಿಕೊಳ್ಳುವುದು ಬಹಳ ಕಷ್ಟ.

ಈ ಪಾಳಿ ಬದಲಾವಣೆಯನ್ನು ಕಣ್ಣಾರೆ ನೋಡಲು ಬಾರ್ಸಿಲೋನಾಕ್ಕೆ ಹೋಗಬೇಕೆಂದಿಲ್ಲ; ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ ಏರಿ ಸಾಕು. ಶತಮಾನಗಳ ಹಿಂದೆ ನೀರಾವರಿಗೆಂದು ಕಟ್ಟಿದ ಈ ಕೆರೆಯ ವಿಸ್ತೀರ್ಣ ನೂರು ಹೆಕ್ಟೇರಿಗೆ ಒಂದಿಷ್ಟು ಕಡಿಮೆ. ನೀರಿನ ನಡುವೆ ನಿಂತ ಜಾಲಿ ಮರಗಳೇ ಹಕ್ಕಿಗಳ ಬಾಣಂತಿಕೋಣೆ. ಬಣ್ಣದ ಕೊಕ್ಕರೆ, ಬಾಯ್ಕಳಕ ಕೊಕ್ಕರೆ, ಇರುಳು ಬಕ, ನೀರುಕಾಗೆ, ಕರಿತಲೆಯ ಕೆಂಬರಲು, ಹೀಗೆ 240ರಷ್ಟು ಜಾತಿಯ ಹಕ್ಕಿಗಳನ್ನು ಇಲ್ಲಿ ಗುರುತಿಸಿದ್ದಾರೆ. ಮೂವತ್ತು ಸಾವಿರಕ್ಕೂ ಹೆಚ್ಚು ನೀರುಹಕ್ಕಿಗಳಿಗೆ ಇದು ಆಸರೆ ಎಂದು ಲೆಕ್ಕ. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಯಿತು. 2024ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಜೊತೆಗೆ ರಾಮ್ಸಾರ್ ಪಟ್ಟಿಗೂ ಸೇರಿತು. ಹಕ್ಕಿ ಗದ್ದೆಗೆ ಇಳಿಯುತ್ತದೆ, ಮೀನು ತಿನ್ನುತ್ತದೆ ಎಂದು ಓಡಿಸದೆ ಇಷ್ಟು ಕಾಲ ಸಹಿಸಿದ ಸುತ್ತಲ ರೈತರ ಪಾಲು ಈ ಗೌರವದಲ್ಲಿ ದೊಡ್ಡದು.

ಬೆಳಕು ಹರಿಯುವ ಹೊತ್ತಿಗೆ ಕೆಂಬರಲುಗಳು ಮೇವಿಗೆ ಹೊರಡುತ್ತವೆ. ಮೊದಲು ಗುಂಪು ಗೊಂದಲವಾಗಿರುತ್ತದೆ. ಸ್ವಲ್ಪ ದೂರ ಹೋಗುವುದರೊಳಗೆ ಓರೆ ಸಾಲೋ ಬಾಣದ ತುದಿಯೋ ಆಗಿ ಮಾರ್ಪಡುತ್ತದೆ. ಮುಂದಿನ ಹಕ್ಕಿಯ ರೆಕ್ಕೆಯ ತುದಿಯಲ್ಲಿ ಗಾಳಿ ಸುರುಳಿ ಸುತ್ತಿ ಹೊರಬದಿಯಲ್ಲಿ ಮೇಲಕ್ಕೆ ಚಿಮ್ಮುತ್ತದೆ. ಹಿಂದಿನದು ಆ ಏರುಗಾಳಿಯನ್ನು ಹಿಡಿಯುತ್ತದೆ. ಅದಕ್ಕೇ ಅದು ನೇರ ಹಿಂದೆ ಇರದೆ ಪಕ್ಕಕ್ಕಿರುತ್ತದೆ. ಸೈಕಲ್ ಸವಾರನಿಗೆ ಬೇಕಾದದ್ದು ಗಾಳಿಯಿಲ್ಲದ ಜಾಗ, ಹಕ್ಕಿಗೆ ಬೇಕಾದದ್ದು ಎತ್ತುವ ಗಾಳಿ. ಈ ಎರಡನ್ನೂ ಒಂದೇ ಎಂದು ಹೇಳುವ ಪುಸ್ತಕಗಳಿವೆ, ಅದು ಸರಿಯಲ್ಲ. ಅಡ್ಡಗಾಳಿ ಬೀಸಿದಾಗ ಮಾತ್ರ ಸವಾರರೂ ರಸ್ತೆಯಲ್ಲಿ ಓರೆ ಸಾಲಾಗುತ್ತಾರೆ, ಆಗ ದೂರದಿಂದ ನೋಡಿದರೆ ಎರಡೂ ಒಂದೇ ತರಹ.

ಕೆಂಬರಲಿನ ಕುಲಕ್ಕೇ ಸೇರಿದ ಯುರೋಪಿನ ಬೋಳುತಲೆ ಐಬಿಸ್‌ಗಳ ಮೇಲೆ ಒಂದು ಸೊಗಸಾದ ಪ್ರಯೋಗ ನಡೆದಿದೆ. ಮನುಷ್ಯರೇ ಸಾಕಿದ 14 ಮರಿಗಳಿಗೆ ಸಣ್ಣ ಉಪಕರಣ ಕಟ್ಟಿ, ಪುಟ್ಟ ವಿಮಾನದ ಹಿಂದೆ ವಲಸೆಯ ದಾರಿ ಕಲಿಸಲಾಯಿತು. ಹಿಂದಿನ ಹಕ್ಕಿ ಏರುಗಾಳಿ ಸಿಗುವಂಥ ಲಯದಲ್ಲೇ ರೆಕ್ಕೆ ಬಡಿಯುತ್ತದೆ ಎಂಬುದು 2014ರಲ್ಲಿ ಪ್ರಕಟವಾಯಿತು. 2015ರಲ್ಲಿ ಪ್ರಕಟವಾದ ಇನ್ನೊಂದು ಲೇಖನ ಇನ್ನೂ ಸ್ವಾರಸ್ಯಕರ: ಒಂದು ಹಕ್ಕಿ ಬೇರೆಯವುಗಳ ಹಿಂದೆ ಎಷ್ಟು ಹೊತ್ತು ಹಾರಿತೋ ಹೆಚ್ಚುಕಡಿಮೆ ಅಷ್ಟೇ ಹೊತ್ತು ಮುಂದೆಯೂ ಹಾರಿತ್ತು. ಪಾಳಿ ತಪ್ಪಿಸಿ ಪುಕ್ಕಟೆ ಸವಾರಿ ಮಾಡಿದ ಹಕ್ಕಿ ಸಿಗಲಿಲ್ಲ.

ಮನುಷ್ಯರ ಪಂದ್ಯದಲ್ಲಿ ಪಾಳಿಯ ಜೊತೆಗೆ ಇನ್ನೊಂದು ಪ್ರಶ್ನೆಯಿದೆ: ಯಾರ ಸಮಯವನ್ನು ತಂಡದ ಸಮಯವೆಂದು ಬರೆದುಕೊಳ್ಳಬೇಕು? ಮೊದಲು ಬಂದವನದ್ದಲ್ಲ. 1960ರಿಂದ 1992ರವರೆಗೆ ಒಲಿಂಪಿಕ್ಸ್‌ನಲ್ಲಿದ್ದ 100 ಕಿ.ಮೀ. ತಂಡ ಓಟದಲ್ಲಿ ನಾಲ್ವರು ಹೊರಟರೆ ಮೂರನೆಯವನ ಚಕ್ರ ಗೆರೆ ಮುಟ್ಟಿದಾಗ ಗಡಿಯಾರ ನಿಲ್ಲುತ್ತಿತ್ತು. ಒಬ್ಬನನ್ನು ಬಿಟ್ಟು ಹೋಗಬಹುದು, ಇಬ್ಬರನ್ನು ಬಿಡುವಂತಿಲ್ಲ. 1960ರ ಆಗಸ್ಟ್ 26ರಂದು ರೋಮ್‌ನಲ್ಲಿ ಉಷ್ಣಾಂಶ 40 ಡಿಗ್ರಿಯ ಹತ್ತಿರವಿತ್ತು. ಡೆನ್ಮಾರ್ಕ್ ತಂಡದ ಒಬ್ಬ ಬಿಸಿಲಿಗೆ ಸೋತು ಮೊದಲೇ ಹಿಂದೆ ಬಿದ್ದ. ಇನ್ನು ಉಳಿದ ಮೂವರೂ ಮುಟ್ಟಲೇಬೇಕು. ಆ ಮೂವರಲ್ಲಿ ನುಡ್ ಎನೆಮಾರ್ಕ್ ಯೆನ್ಸನ್ ತಲೆ ಸುತ್ತುತ್ತಿದೆ ಎಂದ. ಜೊತೆಗಾರರು ಎರಡೂ ಕಡೆಯಿಂದ ಹಿಡಿದುಕೊಂಡು ನೀರು ಚಿಮುಕಿಸಿದರು. ಕೈಬಿಟ್ಟಾಗ ಆತ ರಸ್ತೆಗೆ ಬಿದ್ದ, ಅದೇ ದಿನ ತೀರಿಕೊಂಡ. ವಯಸ್ಸು 23. ಬಿಸಿಲಿನ ಆಘಾತವೆಂದು ವೈದ್ಯರ ತೀರ್ಮಾನ. ಉತ್ತೇಜಕ ಮದ್ದಿನ ಶಂಕೆಯೂ ಎದ್ದು, ಕ್ರೀಡಾಪಟುಗಳಿಗೆ ಮದ್ದಿನ ಪರೀಕ್ಷೆ ಬೇಕೆಂಬ ವಾದಕ್ಕೆ ಆ ಸಾವೂ ಕಾರಣವಾಯಿತು. ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಮಕ್ಕಳನ್ನು ಓಟಕ್ಕೆ ನಿಲ್ಲಿಸುವ ಬಳ್ಳಾರಿ ಸೀಮೆಯ ಹಿರಿಯರು ಈ ಘಟನೆಯನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಆ ಒಲಿಂಪಿಕ್ ಪಂದ್ಯ ಕೊನೆಯ ಬಾರಿಗೆ ನಡೆದದ್ದು 1992ರಲ್ಲಿ, ಇದೇ ಬಾರ್ಸಿಲೋನಾದಲ್ಲಿ, ಚಿನ್ನ ಜರ್ಮನಿಗೆ. 2026ರ ಟೂರ್ ಡಿ ಫ್ರಾನ್ಸ್‌ನ ಆರಂಭಕ್ಕೂ ಆ ನಗರದಲ್ಲಿ ತಂಡದ ಓಟವನ್ನೇ ಆರಿಸಲಾಯಿತು. ಆದರೆ ನಿಯಮ ಬೇರೆ: ಒಟ್ಟಾರೆ ಪಟ್ಟಿಗೆ ಪ್ರತಿಯೊಬ್ಬನಿಗೂ ಅವನವನದೇ ಸಮಯ. 2023ರ ಪ್ಯಾರಿಸ್–ನೀಸ್ ಓಟದಲ್ಲಿ ಇಂಥ ನಿಯಮವನ್ನು ತಂದಿದ್ದರು. ಅಂದರೆ ಕೊನೆಯ ಏರಿನಲ್ಲಿ ನಾಯಕ ಎಲ್ಲರನ್ನೂ ಬಿಟ್ಟು ಒಬ್ಬನೇ ಹಾರಿಹೋಗಬಹುದು. ನೋಡಲು ರೋಚಕ, ನಿಜ. ಆದರೆ ನಾಲ್ಕನೆಯವನಿಗೋ ಐದನೆಯವನಿಗೋ ಕಾಯಬೇಕಾದ ಹಳೆಯ ನಿಯಮದಲ್ಲಿ ತಂಡ ಎಂಬ ಮಾತಿಗೆ ಹೆಚ್ಚು ತೂಕವಿತ್ತು.

ಕರ್ನಾಟಕದಲ್ಲಿ ಸೈಕಲ್ ಓಟವೆಂದರೆ ವಿಜಯಪುರ, ಬಾಗಲಕೋಟೆ, ಗದಗ. ಎರೆನೆಲದ ನೇರ ರಸ್ತೆ, ಜಾತ್ರೆಯ ರೇಸು, ಸರ್ಕಾರದ ಕ್ರೀಡಾ ವಸತಿನಿಲಯ, ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾಶಾಲೆ: ಇವು ಸೇರಿ ರೈತರ ಮಕ್ಕಳನ್ನು ರಾಷ್ಟ್ರೀಯ ಪಂದ್ಯಗಳವರೆಗೆ ಕಳಿಸಿವೆ. ಬೆಂಗಳೂರಿನ ನವೀನ್ ಜಾನ್ ಎಂಜಿನಿಯರಿಂಗ್ ಓದಲು ಅಮೆರಿಕೆಗೆ ಹೋದಾಗ ಸೈಕಲ್ ಹಿಡಿದವರು. ಒಂಟಿ ಟೈಮ್ ಟ್ರಯಲ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿ, 2016ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಓಡಿದರು. ಪಂದ್ಯದ ಸೈಕಲ್ಲಿಗೆ ಲಕ್ಷಗಟ್ಟಲೆ ಬೆಲೆ ಎಂಬುದು ತಂದೆತಾಯಿಗಳಿಗೆ ಗೊತ್ತಿರಬೇಕು. ವಸತಿನಿಲಯದ ಆಯ್ಕೆ ಮಹತ್ವದ್ದಾಗುವುದು ಅದಕ್ಕೇ. ಇನ್ನು ಸಾಮಾನ್ಯ ಸೈಕಲ್ಲಿನ ಮಾತು: 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಕೊಡುತ್ತಿದ್ದ ಸೈಕಲ್ಲು ಕೊರೋನಾ ಕಾಲದಲ್ಲಿ ನಿಂತಿತು. ಹಳ್ಳಿಯಿಂದ ಹೈಸ್ಕೂಲಿಗೆ ಹೆಣ್ಣುಮಕ್ಕಳು ಸಾಲಾಗಿ ತುಳಿದುಕೊಂಡು ಬರುತ್ತಿದ್ದ ನೋಟ ಕಂಡವರಿಗೆ ಅದರ ಬೆಲೆ ಗೊತ್ತು.

ಅಂಕಸಮುದ್ರಕ್ಕೆ ಹೋಗುವವರು ಹಗರಿಬೊಮ್ಮನಹಳ್ಳಿಯಿಂದ ಸೈಕಲ್ಲಿನಲ್ಲೇ ಹೋಗಬಹುದು. ವಲಸೆ ಹಕ್ಕಿಗಳಿಗೆ ನವೆಂಬರಿನಿಂದ ಫೆಬ್ರವರಿ ಸೂಕ್ತ, ಆಗ ಗಾಳಿಯೂ ಸೌಮ್ಯ. ಸೂರ್ಯ ಹುಟ್ಟುವ ಮೊದಲು ಏರಿ ಮುಟ್ಟಬೇಕು. ಬೈನಾಕ್ಯುಲರ್ ಇದ್ದರೆ ಚೆನ್ನ. ಇಲ್ಲದಿದ್ದರೂ ಸಾಲಿನ ಮುಂದಿರುವ ಹಕ್ಕಿ ಯಾವಾಗ ಹಿಂದೆ ಸರಿಯಿತು ಎಂಬುದು ಬರಿಗಣ್ಣಿಗೇ ಕಾಣುತ್ತದೆ. ಕಲ್ಲೆಸೆಯಬಾರದು, ಕೇಕೆ ಹಾಕಬಾರದು. ತಿಂಡಿಯ ಪೊಟ್ಟಣ ಕಟ್ಟಿಕೊಂಡು ಹೋದವರು ಅದರ ಕಾಗದವನ್ನು ಮರಳಿ ತರಬೇಕು.